ಅಳು ನಿಂತ ಮೇಲೆ

“ಮೊದಲೆರಡು ದಿನ ತುಂಬ ಅತ್ತಿತು, ಆಮೇಲೆ ಹೊಂದಿಕೊಂಡಿತು.”

ತಾಯಿಯನ್ನು ಅಗಲಿದ್ದ ಮಗುವಿನ ವಿಷಯವಾಗಿ ಈ ಮಾತು ಕೇಳಿಬರದ ಮನೆ ಅಪರೂಪ. ತಾಯಿ ಎರಡನೆಯ ಹೆರಿಗೆಗೆಂದು ಆಸ್ಪತ್ರೆ ಸೇರಿದಾಗ ದೊಡ್ಡಮ್ಮನ ಮನೆಯಲ್ಲಿ ಉಳಿದ ಮಗು, ಕಾಯಿಲೆ ಬಿದ್ದು ವಾರ್ಡಿನಲ್ಲಿ ಮಲಗಬೇಕಾಗಿ ಬಂದ ಮಗು, ಹೊಸದಾಗಿ ಶಿಶುವಿಹಾರಕ್ಕೆ ಸೇರಿದ ಮಗು, ಎಲ್ಲರ ವಿಷಯದಲ್ಲಿಯೂ ಹಿರಿಯರು ಇದೇ ಮಾತಿನಿಂದ ಸಮಾಧಾನ ತಂದುಕೊಳ್ಳುತ್ತಾರೆ. ಅಳುವುದು ದುಃಖದ ಗುರುತು. ಅಳು ನಿಂತಿತೆಂದರೆ ದುಃಖವೂ ಅಲ್ಲಿಗೆ ಮುಗಿಯಿತು. ಲೆಕ್ಕ ಬಹಳ ಸುಲಭವಾಗಿದೆ. ಈ ಲೆಕ್ಕ ಸರಿಯೇ ಎಂದು ಪರೀಕ್ಷಿಸಿ ನೋಡುವ ಯೋಚನೆ ಬಹುಕಾಲ ಹೆಚ್ಚು ಮಂದಿಗೆ ಬರಲಿಲ್ಲ. ಕಳೆದ ಶತಮಾನದ ನಡುಭಾಗದಲ್ಲಿ, ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕುಳಿತು, ತಾಳ್ಮೆಯಿಂದ ಅದನ್ನು ಪರೀಕ್ಷಿಸಿದವರು ಜೇಮ್ಸ್ ರಾಬರ್ಟ್‌ಸನ್ ಎಂಬುವರು.

ಅಂದಿನ ಇಂಗ್ಲೆಂಡಿನ ಆಸ್ಪತ್ರೆಗಳ ನಿಯಮಗಳನ್ನು ಮೊದಲು ಸ್ವಲ್ಪ ನೋಡಬೇಕು. ಇಲ್ಲದಿದ್ದರೆ ನಮ್ಮ ಓದುಗರಿಗೆ ವಿಷಯದ ಗಾಂಭೀರ್ಯ ತಿಳಿಯಲಾರದು. ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ಮನೆಯವರು ನಾಲ್ವರು ಚೀಲ, ಚಾಪೆ, ಫ್ಲಾಸ್ಕುಗಳೊಡನೆ ಹಿಂದೆಯೇ ಹೊರಡುತ್ತಾರೆ. ಅಲ್ಲಿ ಹಾಗಿರಲಿಲ್ಲ. 1949ರಲ್ಲಿ ಲಂಡನ್ನಿನ ದೊಡ್ಡ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ಯಾವಾಗ ಬಿಡುತ್ತಾರೆಂಬ ಪಟ್ಟಿಯೊಂದು ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ. ಆದರೆ ಸಂಜೆ ಏಳರಿಂದ ಎಂಟರೊಳಗೆ, ಮಗು ನಿದ್ದೆ ಮಾಡುತ್ತಿರುವಾಗ, ತಂದೆತಾಯಿಗಳು ಬಂದು ನೋಡಬಹುದು. ಲಂಡನ್ ಹಾಸ್ಪಿಟಲಿನಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ಭೇಟಿ ಮಾಡುವಂತಿಲ್ಲ. ಮರೆಯ ಹಿಂದೆ ನಿಂತು ನೋಡಿಕೊಂಡು ಹೋಗಬಹುದು. ವೆಸ್ಟ್ ಲಂಡನ್ ಆಸ್ಪತ್ರೆಯಲ್ಲಿ ಭೇಟಿಯೆಂಬುದೇ ಇಲ್ಲ!

ಈ ನಿಯಮಗಳನ್ನು ಮಾಡಿದವರು ಕಟುಕರೆಂದು ತಿಳಿಯಬಾರದು. ಮಕ್ಕಳ ವಾರ್ಡಿನ ದಾದಿಯರು ಒಳ್ಳೆಯವರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಅವರಲ್ಲಿ ಎರಡು ಭಯಗಳಿದ್ದವು. ಹೊರಗಿನಿಂದ ಬಂದವರು ಸೋಂಕು ತರುತ್ತಾರೆಂಬುದು ಒಂದು. ಭೇಟಿಗೂ ಸೋಂಕಿಗೂ ಅಂಥ ಸಂಬಂಧ ಕಾಣುವುದಿಲ್ಲವೆಂದು ಆ ಹೊತ್ತಿಗಾಗಲೇ ವೈದ್ಯಪತ್ರಿಕೆಗಳಲ್ಲಿ ವರದಿ ಬಂದಿತ್ತು. ಆದರೂ ಭಯ ಉಳಿದಿತ್ತು. ಎರಡನೆಯದು ಇನ್ನೂ ಬಲವಾದದ್ದು: ತಾಯಿ ಬಂದು ಹೋದೊಡನೆ ಮಗು ಮತ್ತೆ ಅಳಲು ಮೊದಲುಮಾಡುತ್ತದೆ, ಸುಮ್ಮನಿದ್ದ ವಾರ್ಡು ರಂಪವಾಗುತ್ತದೆ. ಆದಕಾರಣ ತಾಯಿ ಬಾರದಿರುವುದೇ ಮಗುವಿಗೆ ಕ್ಷೇಮ! ತರ್ಕ ಕೇಳುವುದಕ್ಕೆ ಸರಿಯಾಗಿಯೇ ಇತ್ತು.

ರಾಬರ್ಟ್‌ಸನ್ ಸ್ಕಾಟ್ಲೆಂಡಿನವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಗ್ಮಂಡ್ ಫ್ರಾಯ್ಡರ ಮಗಳು ಆನಾ ಫ್ರಾಯ್ಡ್ ಅವರು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರು ಕಾಯಿಸುವ ಕೆಲಸಕ್ಕೆ ಸೇರಿದರು. ಅವರ ಪತ್ನಿ ಜಾಯ್ಸ್ ಅದೇ ಮನೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅಡಿಗೆಯವರಾಗಲಿ, ಬಾಯ್ಲರಿನವರಾಗಲಿ, ಮಕ್ಕಳು ಮಾಡಿದ್ದು ಆಡಿದ್ದು ಏನು ಕಣ್ಣಿಗೆ ಬಿದ್ದರೂ ಒಂದು ಚೀಟಿಯಲ್ಲಿ ಬರೆದಿಡತಕ್ಕದ್ದು. ಕಂಡದ್ದನ್ನಷ್ಟೇ ಬರೆಯಬೇಕು, ಊಹಿಸಿದ್ದನ್ನಲ್ಲ. ಮನಃಶಾಸ್ತ್ರದ ಎಷ್ಟೋ ಪದವಿಗಳು ಕಲಿಸದ ಪಾಠವನ್ನು ಆ ಚೀಟಿಗಳು ರಾಬರ್ಟ್‌ಸನ್ನರಿಗೆ ಕಲಿಸಿದವು ಎನ್ನಬೇಕು. ಯುದ್ಧಾನಂತರ ಅವರು ಸಮಾಜಸೇವೆಯ ತರಬೇತಿ ಪಡೆದು, 1948ರಲ್ಲಿ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯರ ಬಳಿ ಸೇರಿದರು. ತಾಯಿಯಿಂದ ಅಗಲಿದ ಮಕ್ಕಳು ಹೇಗಿರುತ್ತಾರೆಂಬುದನ್ನು ಆಸ್ಪತ್ರೆಯಲ್ಲಿ ಕುಳಿತು ನೋಡಿಕೊಂಡು ಬರುವುದು ಅವರ ಉದ್ಯೋಗವಾಯಿತು.

ವಾರ್ಡಿನ ಮೂಲೆಯಲ್ಲಿ ದಿನಗಟ್ಟಲೆ ಕುಳಿತು ನೋಡಿದಾಗ, ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಮೂರು ಅವಸ್ಥೆಗಳು ಒಂದರ ಹಿಂದೊಂದು ಬರುವುದನ್ನು ಅವರು ಗುರುತಿಸಿದರು. ಮೊದಲನೆಯದು ಪ್ರತಿಭಟನೆ. ಮಗು ಅಳುತ್ತದೆ, ಮಂಚದ ಕಂಬಿ ಹಿಡಿದು ಅಲುಗಿಸುತ್ತದೆ, ಪ್ರತಿ ಹೆಜ್ಜೆಯ ಸಪ್ಪಳಕ್ಕೂ ಬಾಗಿಲ ಕಡೆ ನೋಡುತ್ತದೆ. ಯಾರು ಎತ್ತಿಕೊಳ್ಳಲು ಬಂದರೂ ದೂಡುತ್ತದೆ. ಕೆಲವು ಗಂಟೆಗಳೋ ದಿನಗಳೋ ಕಳೆದ ಮೇಲೆ ಎರಡನೆಯದಾದ ಹತಾಶೆ ಬರುತ್ತದೆ. ಈಗ ಗಟ್ಟಿಯಾದ ಅಳುವಿಲ್ಲ. ಮಗು ಮಂಕಾಗಿ ಮಲಗಿರುತ್ತದೆ. ಆಡುವುದಿಲ್ಲ, ಏನನ್ನೂ ಬೇಡುವುದಿಲ್ಲ. ಹಿರಿಯರ ಶೋಕವನ್ನು ಕಂಡವರಿಗೆ ಈ ಸ್ಥಿತಿ ಪರಿಚಿತವೇ. ಆದರೆ ವಾರ್ಡಿನ ಲೆಕ್ಕದಲ್ಲಿ ಇದು ‘ಹೊಂದಿಕೊಂಡ’ ಮಗು!

ಮೂರನೆಯ ಅವಸ್ಥೆ ಎಲ್ಲಕ್ಕಿಂತ ಮೋಸದ್ದು. ಅಗಲಿಕೆ ಬಹಳ ದಿನ ಮುಂದುವರಿದರೆ ಮಗು ಮತ್ತೆ ಲವಲವಿಕೆಯಿಂದ ಓಡಾಡುತ್ತದೆ, ದಾದಿಯರನ್ನು ಕಂಡು ನಗುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ. ಎಲ್ಲರಿಗೂ ಸಂತೋಷ. ಆದರೆ ತಾಯಿ ಬಂದಾಗ ಅವಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಅವಳು ತಂದ ಪೊಟ್ಟಣದ ಕಡೆಗೆ ಕಣ್ಣು ಹೋಗುತ್ತದೆ, ಮುಖದ ಕಡೆಗಲ್ಲ. ಅವಳು ಹೊರಟರೆ ಅಳುವುದೂ ಇಲ್ಲ. ರಾಬರ್ಟ್‌ಸನ್ ಇದನ್ನು ವಿಮುಖತೆ ಎಂದರು. ನೋವನ್ನು ತಾಳಲಾರದೆ ಮಗು ಆ ನಂಟನ್ನೇ ಒಳಗೆ ಅದುಮಿಟ್ಟಿದೆ ಎಂಬುದು ಅವರ ಅರ್ಥವಿವರಣೆ. ತಾಯಿ ಬಂದುಹೋದಾಗ ಅಳುವ ಮಗುವಿನ ಬಗ್ಗೆ ದಾದಿಯರು ಚಿಂತಿಸುತ್ತಿದ್ದರಷ್ಟೆ? ಅಳದ ಮಗುವಿನ ಬಗ್ಗೆ ಹೆಚ್ಚು ಚಿಂತಿಸಬೇಕಾಗಿತ್ತು.

ರಾಬರ್ಟ್‌ಸನ್ ಇದನ್ನು ಹೇಳಿದಾಗ ಡಾಕ್ಟರುಗಳು ನಂಬಲಿಲ್ಲ. “ನಮ್ಮ ವಾರ್ಡಿನಲ್ಲಿ ಮಕ್ಕಳು ಸಂತೋಷವಾಗಿಯೇ ಇವೆ” ಎಂಬುದು ಎಲ್ಲ ಕಡೆಯೂ ಸಿಕ್ಕ ಉತ್ತರ. ಮಾತಿನಿಂದ ಆಗದ್ದನ್ನು ಚಿತ್ರದಿಂದ ಮಾಡಬೇಕೆಂದು ಅವರು ಒಂದು ಸಣ್ಣ ಸಿನಿಮಾ ಕ್ಯಾಮೆರಾ ಕೊಂಡರು. ಅದುವರೆಗೆ ಅಂಥದನ್ನು ಮುಟ್ಟಿದವರಲ್ಲ. ಬೇಕಾದ ಮಗುವನ್ನು ಆರಿಸಿಕೊಂಡರೆಂಬ ಆಪಾದನೆ ಬಾರದಿರಲೆಂದು, ಆಸ್ಪತ್ರೆಗೆ ಸೇರಲಿರುವವರ ಪಟ್ಟಿಯಿಂದ ಕುರುಡಾಗಿ ಒಂದು ಹೆಸರನ್ನು ಆರಿಸಲಾಯಿತು. ಬೇಕಾದ ಗಳಿಗೆಗಳನ್ನೇ ಹಿಡಿದರೆಂದು ಯಾರೂ ಹೇಳದಿರಲೆಂದು, ದಿನದ ಗೊತ್ತಾದ ವೇಳೆಗಳಲ್ಲಿ, ಗೋಡೆಯ ಗಡಿಯಾರವೂ ಚಿತ್ರದಲ್ಲಿ ಕಾಣುವಂತೆ ತೆಗೆದರು. ಆಯ್ಕೆಯಾದವಳು ಎರಡು ವರ್ಷ ಐದು ತಿಂಗಳ ಹುಡುಗಿ. ಹೊಕ್ಕುಳಿನ ಹರ್ನಿಯಕ್ಕೆ ಸಣ್ಣ ಶಸ್ತ್ರಚಿಕಿತ್ಸೆ. ಎಂಟು ದಿನದ ವಾಸ.

ನಿಜ ಹೇಳಬೇಕೆಂದರೆ ಈ ಆಯ್ಕೆ ರಾಬರ್ಟ್‌ಸನ್ನರಿಗೆ ಅನುಕೂಲವಾಗಿರಲಿಲ್ಲ. ಹುಡುಗಿ ವಯಸ್ಸಿಗೆ ಮೀರಿದ ಸಂಯಮದವಳು. ಅವಳು ಕಿರುಚಲಿಲ್ಲ, ಉರುಳಾಡಲಿಲ್ಲ. ಆದರೆ ಆ ಸಂಯಮವೇ ನೋಡುವವರ ಕರುಳನ್ನು ಹಿಂಡುತ್ತದೆ. ಮನೆಯಿಂದ ತಂದ ಬಟ್ಟೆಯ ತುಂಡನ್ನು ಅವುಚಿಕೊಂಡು ಕೂಡುತ್ತಾಳೆ. ತುಟಿ ಅದುರುತ್ತದೆ, ಒಡನೆಯೇ ಬಿಗಿಯುತ್ತಾಳೆ. ಅಮ್ಮ ಬೇಕೆಂದು ಆಗಾಗ ಸಣ್ಣ ದನಿಯಲ್ಲಿ, ಯಾರನ್ನೂ ಉದ್ದೇಶಿಸದೆ, ಹೇಳುತ್ತಾಳೆ. ತಂದೆತಾಯಿಗಳು ಆಗಾಗ ಬಂದು ನೋಡಿ ಹೋಗುತ್ತಿದ್ದರು. ದಿನ ಕಳೆದಂತೆ ಅವರನ್ನು ಎದುರುಗೊಳ್ಳುವ ಬಗೆ ತಣ್ಣಗಾಗುತ್ತ ಬರುತ್ತದೆ. ಕೊನೆಯ ದಿನ ತಾಯಿ ಕರೆದೊಯ್ಯಲು ಬಂದಾಗ ತನ್ನ ಸಾಮಾನುಗಳನ್ನೆಲ್ಲ ತಾನೇ ಹೊತ್ತುಕೊಳ್ಳುತ್ತಾಳೆ. ತಾಯಿ ಚಾಚಿದ ಕೈಯನ್ನು ಮಾತ್ರ ಹಿಡಿಯುವುದಿಲ್ಲ. ಕೆಲವು ತಿಂಗಳ ನಂತರ ಆ ಚಿತ್ರ ಅಕಸ್ಮಾತ್ತಾಗಿ ಅವಳ ಕಣ್ಣಿಗೆ ಬಿದ್ದಿತಂತೆ. ಆಗ ನೀನು ಎಲ್ಲಿಗೆ ಹೋಗಿದ್ದೆ ಎಂದು ತಾಯಿಯನ್ನು ಸಿಟ್ಟಿನಿಂದ ಕೇಳಿ, ಜೋರಾಗಿ ಅತ್ತು, ತಂದೆಯ ಕಡೆಗೆ ತಿರುಗಿಕೊಂಡಳು. ಎಂಟು ದಿನದ ಅಳು ಅಷ್ಟು ಕಾಲ ಒಳಗೇ ಕಾದಿತ್ತು.

1952ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಈ ಚಿತ್ರವನ್ನು ತೋರಿಸಿದಾಗ ಸಭೆ ಸಿಟ್ಟಿಗೆದ್ದಿತು. ವೃತ್ತಿಗೆ ಕಳಂಕ ತರುವ ಚಿತ್ರವೆಂದರು, ಇದನ್ನು ಹಿಂತೆಗೆದುಕೊಳ್ಳಬೇಕೆಂದರು. ಆ ಕೋಪದಲ್ಲಿದ್ದವರಲ್ಲಿ ಅಮರ್ಶಮ್ ಎಂಬ ಊರಿನ ಮಕ್ಕಳ ವೈದ್ಯ ಡರ್ಮಾಡ್ ಮೆಕಾರ್ತಿ ಒಬ್ಬರು. ಆದರೆ ಅವರು ತಮ್ಮ ವಾರ್ಡಿಗೆ ಹಿಂದಿರುಗಿ ನೋಡಿದಾಗ ಅಲ್ಲಿಯೂ ಅದೇ ಮಕ್ಕಳು, ಅದೇ ಮುಖಗಳು! ಹಿಂದೆಯೂ ಅವು ಅಲ್ಲಿಯೇ ಇದ್ದವು. ಮೆಕಾರ್ತಿ ತಮ್ಮ ವಾರ್ಡಿನಲ್ಲಿ ತಾಯಂದಿರಿಗೂ ಜಾಗ ಮಾಡಿದರು; 1958ರಲ್ಲಿ ರಾಬರ್ಟ್‌ಸನ್ ಅಲ್ಲಿಯೇ ತಮ್ಮ ಎರಡನೆಯ ಚಿತ್ರವನ್ನು ತೆಗೆದರು. ಕೋಪಿಸಿಕೊಂಡು ಎದ್ದುಹೋದವರೇ ಮೊದಲು ಬಾಗಿಲು ತೆರೆದದ್ದು ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ. 1959ರಲ್ಲಿ ಸರ್ ಹ್ಯಾರಿ ಪ್ಲ್ಯಾಟ್ ಎಂಬ ಮೂಳೆವೈದ್ಯರ ಅಧ್ಯಕ್ಷತೆಯ ಸಮಿತಿ, ಮಕ್ಕಳ ವಾರ್ಡುಗಳಲ್ಲಿ ಭೇಟಿಗೆ ನಿರ್ಬಂಧವಿರಬಾರದು, ಐದು ವರ್ಷದೊಳಗಿನ ಮಗುವಿನೊಡನೆ ತಾಯಿಯೂ ಉಳಿಯಲು ಏರ್ಪಾಡಿರಬೇಕು ಎಂದು ಸಲಹೆ ಮಾಡಿತು. ಸಲಹೆ ಕಾಗದದಿಂದ ವಾರ್ಡಿಗೆ ಇಳಿಯಲು ಮತ್ತೂ ವರ್ಷಗಳು ಬೇಕಾದವು. 1961ರಲ್ಲಿ ತಾಯಂದಿರೇ ಸಂಘ ಕಟ್ಟಿಕೊಂಡು ಆಸ್ಪತ್ರೆಗಳ ಬೆನ್ನು ಹತ್ತಬೇಕಾಯಿತು.

ಮಗುವಿಗೆ ತಾಯಿ ಏಕೆ ಅಷ್ಟು ಬೇಕು? ಹಾಲು ಕೊಡುತ್ತಾಳೆ, ಅದಕ್ಕೇ ಎಂಬುದು ಅಂದಿನ ಬಹುಪಾಲು ಮನಃಶಾಸ್ತ್ರಜ್ಞರ ಉತ್ತರ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಹ್ಯಾರಿ ಹಾರ್ಲೋ ಕೋತಿಮರಿಗಳಿಗೆ ಎರಡು ಬೊಂಬೆ ತಾಯಂದಿರನ್ನು ಮಾಡಿಕೊಟ್ಟರು. ಒಂದು ಬರಿಯ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ಹಾಲಿನ ಸೀಸೆ ತಂತಿಯ ತಾಯಲ್ಲೇ ಇದ್ದರೂ ಮರಿಗಳು ಅಲ್ಲಿ ಕುಡಿದು ಓಡಿಬಂದು ದಿನದ ಬಹುಭಾಗವನ್ನು ಬಟ್ಟೆಯ ತಾಯನ್ನು ತಬ್ಬಿಕೊಂಡೇ ಕಳೆದವು. 1958ರಲ್ಲಿ ಹಾರ್ಲೋ ಈ ಫಲಿತಾಂಶವನ್ನು ಮಂಡಿಸಿದರು. ಪ್ರಯೋಗ ಕ್ರೂರವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಈಗ ಅದನ್ನು ಒಪ್ಪುವವರು ಕಡಮೆ. ಆದರೆ ಹೊಟ್ಟೆಯ ನಂಟು ಬೇರೆ, ಮಡಿಲಿನ ನಂಟು ಬೇರೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸಿತು. ನಮ್ಮ ಅಜ್ಜಿಯರು ಇದನ್ನು ಪ್ರಯೋಗವಿಲ್ಲದೆಯೇ ಬಲ್ಲವರಾಗಿದ್ದರು ಎನ್ನುವವರಿಗೆ ನನ್ನ ಆಕ್ಷೇಪಣೆಯೇನೂ ಇಲ್ಲ.

ಅಳು ನಿಂತ ಮಗುವಿನ ಒಳಗೆ ಏನು ನಡೆಯುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಇನ್ನೊಂದು ಕಡೆಯಿಂದ ಬಂತು. ಟ್ಯಾವಿಸ್ಟಾಕಿನಲ್ಲಿ ಬೌಲ್ಬಿ ಮತ್ತು ರಾಬರ್ಟ್‌ಸನ್ನರೊಡನೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಎಂಬಾಕೆ 1954ರಲ್ಲಿ ಪತಿಯೊಡನೆ ಆಫ್ರಿಕದ ಉಗಾಂಡಕ್ಕೆ ಹೋದವರು, ಅಲ್ಲಿನ ಹಳ್ಳಿಮನೆಗಳಲ್ಲಿ ಕುಳಿತು ಕೂಸುಗಳನ್ನೂ ತಾಯಂದಿರನ್ನೂ ನೋಡಿದರು; ಬಳಿಕ ಅಮೆರಿಕದ ಬಾಲ್ಟಿಮೋರಿನಲ್ಲಿ ಅದೇ ಕೆಲಸ ಮುಂದುವರಿಸಿದರು. ಅಲ್ಲಿ ಅವರು ಇಪ್ಪತ್ತು ನಿಮಿಷದ ಒಂದು ಪರೀಕ್ಷೆಯನ್ನು ರೂಪಿಸಿದರು. ಒಂದು ವರ್ಷದ ಮಗು, ತಾಯಿ, ಆಟದ ಸಾಮಾನು ತುಂಬಿದ ಹೊಸ ಕೋಣೆ. ಅಪರಿಚಿತರೊಬ್ಬರು ಬರುತ್ತಾರೆ, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಹಿಂದಿರುಗುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತೆಂಬುದಕ್ಕಿಂತ ಅವಳು ಬಂದಾಗ ಏನು ಮಾಡಿತೆಂಬುದರ ಕಡೆಗೆ ಐನ್ಸ್‌ವರ್ತ್ ಹೆಚ್ಚು ಗಮನ ಕೊಟ್ಟರು. ಹೆಚ್ಚು ಪಾಲು ಮಕ್ಕಳು ಅತ್ತರೂ ತಾಯಿ ಬಂದೊಡನೆ ತೋಳಿಗೆ ಹಾರಿ, ಬೇಗ ಸಮಾಧಾನ ಹೊಂದಿ ಮತ್ತೆ ಆಟಕ್ಕೆ ಇಳಿದವು. ಕೆಲವು ಮಕ್ಕಳು ಎಷ್ಟು ಸಂತೈಸಿದರೂ ತಣಿಯಲಿಲ್ಲ. ಮತ್ತೆ ಕೆಲವು ತಾಯಿ ಹೋದಾಗಲೂ ಅಳಲಿಲ್ಲ, ಬಂದಾಗಲೂ ತಿರುಗಿ ನೋಡಲಿಲ್ಲ. ಆಟದ ಸಾಮಾನಿನಲ್ಲೇ ಮುಳುಗಿದ್ದವು. ಎಷ್ಟು ಜಾಣ, ಎಷ್ಟು ಸ್ವತಂತ್ರ ಮಗು ಎಂದು ಯಾರಾದರೂ ಹೊಗಳಬೇಕು! ಮುಂದೆ ಬೇರೆ ಸಂಶೋಧಕರು ಇಂಥ ಮಕ್ಕಳ ಹೃದಯದ ಬಡಿತವನ್ನು ಅಳೆದರು. ಮುಖ ಶಾಂತವಾಗಿದ್ದಾಗಲೂ ಎದೆ ವೇಗವಾಗಿ ಹೊಡೆದುಕೊಳ್ಳುತ್ತಿತ್ತು.

ಈ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಪಾನಿನಲ್ಲಿ ಇದನ್ನು ನಡೆಸಿದಾಗ ಹಲವು ಮಕ್ಕಳು ತಡೆಯಲಾರದೆ ಅತ್ತುಬಿಟ್ಟವು. ಅಲ್ಲಿಯ ಕೂಸು ತಾಯಿಯ ಬೆನ್ನು ಮಡಿಲುಗಳನ್ನು ಬಿಟ್ಟು ಒಂಟಿಯಾಗಿ ಇದ್ದದ್ದೇ ಅಪರೂಪವಾದ್ದರಿಂದ. ಒಂದು ದೇಶದ ಅಳತೆಗೋಲನ್ನು ಇನ್ನೊಂದು ದೇಶದ ಮಗುವಿಗೆ ಹಿಡಿಯುವಾಗ ನಿಧಾನ ಬೇಕು.

ಬೌಲ್ಬಿಯವರ ಮಾತಿನಲ್ಲಿಯೂ ಸ್ವಲ್ಪ ಅತಿರೇಕವಿತ್ತು. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಅವರು ಬರೆದ ವರದಿಯಲ್ಲಿ ತಾಯ ಪ್ರೀತಿಯನ್ನು ಶರೀರಕ್ಕೆ ಬೇಕಾದ ಜೀವಸತ್ವಗಳಿಗೆ ಹೋಲಿಸಿದ್ದರು. ಇದನ್ನೇ ಹಿಡಿದು, ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಹಾಳುಮಾಡುತ್ತಾರೆಂದು ಅನೇಕರು ಬಾಯಿಗೆ ಬಂದಂತೆ ಆಡಿದರು. ಆ ಆಪಾದನೆ ಸಲ್ಲದು. 1964ರಲ್ಲಿ ಗ್ಲಾಸ್ಗೋ ನಗರದ 60 ಕೂಸುಗಳ ಅಧ್ಯಯನವನ್ನು ಪ್ರಕಟಿಸಿದ ಶಾಫರ್ ಮತ್ತು ಎಮರ್ಸನ್, ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ತಾಯಿಯಲ್ಲದೆ ತಂದೆ, ಅಜ್ಜಿ, ತಾತ, ಅಕ್ಕ ಅಣ್ಣಂದಿರ ನಂಟೂ ಬೆಳೆದಿರುತ್ತದೆಂದು ತೋರಿಸಿದರು. 1972ರಲ್ಲಿ ಮೈಕೆಲ್ ರಟ್ಟರ್ ಎಂಬ ಮನೋವೈದ್ಯರು ಇಡೀ ವಿಷಯವನ್ನು ಮತ್ತೆ ಜರಡಿಹಿಡಿದು, ಸ್ವಲ್ಪ ಹೊತ್ತಿನ ಅಗಲಿಕೆ ಬೇರೆ, ನಂಟೇ ಬೆಳೆಯದೆ ಹೋಗುವುದು ಬೇರೆ, ಎರಡನ್ನೂ ಒಂದೇ ಹೆಸರಿನಿಂದ ಕರೆಯಬಾರದು ಎಂದರು.

ರಾಬರ್ಟ್‌ಸನ್ ದಂಪತಿಗಳೇ ಇದಕ್ಕೆ ಒಳ್ಳೆಯ ನಿದರ್ಶನ ಒದಗಿಸಿದರು. ತಾಯಿ ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಾಗ ಹದಿನೇಳು ತಿಂಗಳ ಒಬ್ಬ ಹುಡುಗನನ್ನು ಒಂಬತ್ತು ದಿನ ಶಿಶುನಿಲಯದಲ್ಲಿ ಬಿಟ್ಟಿದ್ದರು. ದಾದಿಯರು ಒಳ್ಳೆಯವರೇ, ಆದರೆ ಸರದಿಯ ಮೇಲೆ ಬದಲಾಗುತ್ತಿದ್ದರು. ಅವನು ಒಬ್ಬೊಬ್ಬರ ಬಳಿಗೂ ಹೋಗಿ ನಿಂತು, ಯಾರೂ ತನ್ನವರಾಗದೆ, ಊಟ ಬಿಟ್ಟು ಸೊರಗಿದ. ತಾಯಿ ಬಂದಾಗ ಅವಳಿಂದ ಕೊಸರಿಕೊಂಡ. 1969ರಲ್ಲಿ ಹೊರಬಂದ ಈ ಚಿತ್ರವನ್ನು ನೋಡುವುದು ಕಷ್ಟ. ಇದೇ ಪ್ರಾಯದ ಬೇರೆ ನಾಲ್ಕು ಮಕ್ಕಳನ್ನು ಇಂಥದೇ ಸಂದರ್ಭದಲ್ಲಿ ರಾಬರ್ಟ್‌ಸನ್ ದಂಪತಿಗಳು ತಮ್ಮ ಆರೈಕೆಯಲ್ಲಿಟ್ಟುಕೊಂಡರು. ಕಡಮೆಯೆಂದರೆ ಹತ್ತು, ಹೆಚ್ಚೆಂದರೆ 27 ದಿನ. ಮುಂಚೆಯೇ ಮಗುವಿನ ಪರಿಚಯ ಮಾಡಿಕೊಂಡು, ಅದು ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ, ಯಾವುದಕ್ಕೆ ಯಾವ ಮಾತು ಆಡುತ್ತದೆ ಎಂಬುದನ್ನೆಲ್ಲ ತಾಯಿಯಿಂದ ಕೇಳಿ ತಿಳಿದಿದ್ದರು. ಮಗು ತನ್ನ ಹಾಸಿಗೆ, ಆಟದ ಸಾಮಾನುಗಳೊಡನೆ ಬಂತು. ತಾಯಿಯ ಫೋಟೋ ಕೈಗೆ ಸಿಗುವಂತಿತ್ತು. ಅವಳ ಮಾತನ್ನು ದಿನವೂ ಆಡುತ್ತಿದ್ದರು. ಎಲ್ಲಕ್ಕೂ ಮಿಗಿಲಾಗಿ, ನೋಡಿಕೊಳ್ಳುವವರು ಜಾಯ್ಸ್ ಒಬ್ಬರೇ. ಆ ಮಕ್ಕಳಿಗೂ ಕಳವಳವಾಯಿತು, ಹಟವೂ ಬಂತು. ಆದರೆ ಹತಾಶೆಗೆ ಬೀಳಲಿಲ್ಲ, ತಾಯಿ ಬಂದಾಗ ಅವಳ ಬಳಿಗೆ ಹೋದವು.

ನಮ್ಮ ಮನೆಗಳಲ್ಲಿ ನೆನಪಿಡಬೇಕಾದದ್ದು ಇದು. ಅಮ್ಮನ ಹೆಸರೆತ್ತಿದರೆ ಮಗು ಅಳುತ್ತದೆಂದು ಹೆಸರೆತ್ತದಿರುವುದು, ಮಗು ನಿದ್ದೆ ಹೋದಾಗ ಹಿಂಬಾಗಿಲಿನಿಂದ ಹೊರಟುಬಿಡುವುದು, ಅಮ್ಮ ಅಂಗಡಿಗೆ ಹೋಗಿದ್ದಾಳೆಂದು ನಾಲ್ಕು ದಿನ ಹೇಳುವುದು, ಇವೆಲ್ಲ ವಾರ್ಡಿನ ಹಳೆಯ ತರ್ಕದ ತಮ್ಮಂದಿರು. ತಾಯಿ ಬಂದ ಮೇಲೆ ಒಂದೆರಡು ವಾರ ಮಗು ಸೆರಗು ಬಿಡದೆ ಕಾಡಿದರೆ, ಅಜ್ಜಿಯ ಮುದ್ದಿನಿಂದ ಕೆಟ್ಟಿತೆಂದು ಅಜ್ಜಿಯನ್ನು ದೂರುತ್ತಾರೆ. ಪಾಪ, ಅಜ್ಜಿಯದೇನೂ ತಪ್ಪಿಲ್ಲ. ನಿಂತಿದ್ದ ಅಳು ಈಗ ತಕ್ಕ ಜಾಗ ನೋಡಿಕೊಂಡು ಹೊರಬರುತ್ತಿದೆ, ಅಷ್ಟೆ.

ಆಸ್ಪತ್ರೆಯ ವಿಷಯದಲ್ಲಿ ನಾವು ಇಂಗ್ಲೆಂಡಿನವರಿಗಿಂತ ಮುಂದಿದ್ದೆವೆಂದು ಹೇಳಿಕೊಳ್ಳಬಹುದು. ದಾದಿಯರ ಕೊರತೆಯಿಂದ ಬಂದ ಪದ್ಧತಿಯಾದರೂ ಪದ್ಧತಿ ಒಳ್ಳೆಯದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಗುಡಾರಗಳನ್ನು ಹಾಕಿಸಿ ರೋಗಿಯೊಡನೆ ಮನೆಯವರನ್ನೂ ಉಳಿಸಿಕೊಂಡರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮನೆಯವರು ಜೊತೆಗಿದ್ದು ಚಿಕಿತ್ಸೆಯಲ್ಲಿ ಭಾಗಿಗಳಾಗುವ ಏರ್ಪಾಡು ಬಂತು. ಆದರೆ ಗಾಜಿನ ಬಾಗಿಲು ನಮ್ಮಲ್ಲಿಗೂ ಬಂದಿದೆ. ದಿನ ತುಂಬದೆ, ತೂಕ ಕಡಮೆಯಾಗಿ ಹುಟ್ಟಿದ ಕೂಸನ್ನು ತೀವ್ರ ನಿಗಾ ಘಟಕದಲ್ಲಿರಿಸಿ ತಾಯಿಯನ್ನು ಹೊರಗೆ ಕೂರಿಸುವುದು ಬಹುಕಾಲದ ವಾಡಿಕೆ. ಕಾರಣವೂ ಹಳೆಯದೇ, ಸೋಂಕು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ, ಕಾವು ಕೊಡುವ ಪೆಟ್ಟಿಗೆಗಳು ಸಾಲದೆ, ಎಡ್ಗರ್ ರೇ ಎಂಬ ವೈದ್ಯರು ಅಂಥ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. 2021ರಲ್ಲಿ, ದೆಹಲಿಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಹುಟ್ಟಿದೊಡನೆಯೇ ಹೀಗೆ ಎದೆಗವಚಿಕೊಂಡ ಕೂಸುಗಳಲ್ಲಿ ಮೊದಲ 28 ದಿನದ ಸಾವು ನೂರಕ್ಕೆ 12. ಕೂಸಿನ ಸ್ಥಿತಿ ಸುಧಾರಿಸಲೆಂದು ಕಾದು ಆಮೇಲೆ ತಾಯಿಗೆ ಕೊಟ್ಟವರಲ್ಲಿ ನೂರಕ್ಕೆ ಹದಿನೈದಕ್ಕೂ ಮೇಲೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳೊಡನೆ ಸೇರಿ ಈ ಆರೈಕೆಯನ್ನು ಬಳಕೆಗೆ ತರುವ ಕೆಲಸ ನಡೆಸಿದ್ದಾರೆ. ಕೂಸನ್ನು ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಹೊತ್ತು ಎದೆಗೆ ತಾಕುವಂತೆ ಇಟ್ಟುಕೊಂಡಿರಬೇಕಾಗುತ್ತದೆ. ಹೆತ್ತ ದಣಿವಿನಲ್ಲಿರುವ ತಾಯಿಗೆ ಅಷ್ಟು ಹೊತ್ತು ಸಾಧ್ಯವಾಗದಿದ್ದರೆ, ತಂದೆಯೋ ಅಜ್ಜಿಯೋ ಸೋದರತ್ತೆಯೋ ಕೂಸನ್ನು ಎದೆಗೆ ಕಟ್ಟಿಕೊಂಡು ಕೂಡಬಹುದು.